ಪ್ರಕರಣ: ರೊಟ್ಟಿ ಬಡಿಯುವುದನ್ನು ಬಿಟ್ಟ ಕೈಗಳು

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ, ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಅವರ ಸೊಸೆ ನನ್ನ ಬಳಿ ಕರೆತಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅತ್ತೆ ಸರಿಯಾಗಿ ಉಣ್ಣುವುದಿಲ್ಲ, ಯಾರೊಡನೆಯೂ ಮಾತಾಡುವುದಿಲ್ಲ ಎಂಬುದು ಸೊಸೆಯ ಚಿಂತೆ. ಒಬ್ಬರೇ ಇದ್ದಾಗ ಆ ತಾಯಿ ಹೇಳಿಕೊಂಡದ್ದು ಬೇರೆ: ನೀರಿನ ಚರಿಗೆ ಕೈಜಾರುತ್ತದೆ, ಕುಪ್ಪಸದ ಹುಕ್ಕು ಹಾಕಲು ಮೊಮ್ಮಗಳು ಬೇಕು, ರಾತ್ರಿ ಹಿತ್ತಲ ಬಾಗಿಲ ಚಿಲಕ ತೆಗೆಯಲಾಗದೆಂದು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. "ಮಂದಿ ಕೈ ನೋಡ್ಕೊಂತ ಕುಂದ್ರೋದಾಗೇತ್ರಿ" ಎಂದರು.

ಹಿಂದೊಮ್ಮೆ ಜ್ವರದಿಂದ ಮಲಗಿ ಎದ್ದ ಮೇಲೆ ಮನೆಯವರು ಪ್ರೀತಿಯಿಂದಲೇ ಅವರ ಕೈಯ ಕೆಲಸಗಳನ್ನೆಲ್ಲ ತಪ್ಪಿಸಿದ್ದರು. ವಯಸ್ಸಿನೊಂದಿಗೆ ಸ್ನಾಯು ಸವೆಯುವುದು ಸಹಜ. ಆದರೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವಾಗ ದುಡಿಯುತ್ತಿದ್ದ ಬೆರಳು, ಮಣಿಕಟ್ಟು, ಮುಂಗೈಗಳಿಗೆ ಆ ದುಡಿಮೆಯೂ ಇಲ್ಲವಾದರೆ ಸವೆತ ಇನ್ನಷ್ಟು ಬೇಗವಾಗುತ್ತದೆ.

ಮೊದಲು ವೈದ್ಯರ ಬಳಿ ಕಳಿಸಿದೆ, ಏಕೆಂದರೆ ಮಣಿಕಟ್ಟಿನಲ್ಲಿ ನರ ಒತ್ತಿದರೂ, ಸಕ್ಕರೆ ಕಾಯಿಲೆಯಿದ್ದರೂ ಹಿಡಿತ, ಅಂದರೆ ಕೈಯಿಂದ ಹಿಸುಕಿ ಹಿಡಿಯುವ ಬಲ, ತಗ್ಗಬಹುದು. ಅವೆರಡೂ ಇರಲಿಲ್ಲ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಮಹಿಳೆಯರಿಗೆ 18, ಪುರುಷರಿಗೆ 28 ಕಿಲೋಗಿಂತ ಕಡಿಮೆ ಹಿಡಿತವನ್ನು ದುರ್ಬಲವೆಂದು ಗುರುತಿಸಿದೆ. ಇವರದು ಅದಕ್ಕಿಂತ ಕೆಳಗಿತ್ತು.

ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳನ್ನು ಇಬ್ಬರಿಗೂ ಮತ್ತೆ ವಿವರಿಸಿದೆ. ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಟ್ಟು, ಹೆಬ್ಬೆರಳನ್ನು ಒಂದೊಂದೇ ಬೆರಳತುದಿಗೆ ಮುಟ್ಟಿಸಿ, ಮುಷ್ಟಿ ಬಿಗಿದು ಅಗಲವಾಗಿ ಬಿಡಿಸುವುದು ದಿನವೂ ನಡೆಯಲಿ. ಮೆತ್ತನೆಯ ಸ್ಪಂಜನ್ನು ಐದು ಸೆಕೆಂಡು ಹಿಸುಕಿ ಹಿಡಿಯುವುದನ್ನೂ, ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದನ್ನೂ ದಿನ ಬಿಟ್ಟು ದಿನ ಎಂಟು ಹತ್ತು ಸಲ ಮಾಡಿದರೆ ಸಾಕು. ಹಿಸುಕುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಏರುವುದರಿಂದ ಬಾಯಲ್ಲಿ ಎಣಿಸುತ್ತಿರಬೇಕು. ನೋವು ಗಂಟೆಗಟ್ಟಲೆ ಉಳಿದರೆ ಮರುದಿನ ಕಡಿಮೆ ಮಾಡಬೇಕು, ಬಾವು ಬಂದರೆ ನಿಲ್ಲಿಸಬೇಕು. ಒಂದೇ ಕೈ ದಿಢೀರನೆ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಆಗ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಸ್ಪಂಜಿಗಿಂತ ಹೆಚ್ಚಿನ ಮಾತು ನಾನು ಸೊಸೆಯೊಡನೆ ಆಡಿದೆ. ಶೇಂಗಾ ಸುಲಿಯುವುದು, ಪುಂಡಿಪಲ್ಲೆ ಸೋಸುವುದು, ದಿನಕ್ಕೆ ಒಂದೆರಡು ರೊಟ್ಟಿಯ ಹಿಟ್ಟು ನಾದುವುದು ಅತ್ತೆಯ ಪಾಲಿಗೇ ಇರಲಿ, ನಿಧಾನವಾದರೂ ಕಸಿದುಕೊಳ್ಳಬೇಡಿ ಎಂದು ಕೇಳಿಕೊಂಡೆ. "ಊರಾಗಿನವ್ರು ನನ್ನ ಬೈತಾರ್ರಿ, ವಯಸ್ಸಾದವ್ರ ಕೈಲಿ ದುಡಿಸ್ತಾಳ ಅಂತ" ಎಂದು ಆಕೆ ಅತ್ತರು. ಈ ಭಯ ನಿಜವಾದದ್ದು, ನಮ್ಮ ಕಡೆಯ ಎಷ್ಟೋ ಸೊಸೆಯಂದಿರದು. ಆದ್ದರಿಂದ ಮಗನನ್ನೂ ಕರೆಸಿ, ಇದು ಚಿಕಿತ್ಸೆಯ ಭಾಗವೆಂದು ನೆಂಟರಿಗೆ ಅವರೇ ಹೇಳಬೇಕೆಂದು ಒಪ್ಪಿಸಿದೆ. ಚಿಲಕವನ್ನು ಅಂದೇ ಬದಲಿಸಲು ತಿಳಿಸಿದೆ.

ಮುಂದಿನ ಭೇಟಿಗಳಲ್ಲಿ ಚರಿಗೆ ಎತ್ತುವುದು, ತಾವೇ ಕಲಸಿ ಉಣ್ಣುವುದು ಸಾಧ್ಯವಾಗಿತ್ತು. ಹುಕ್ಕು ಮಾತ್ರ ಇನ್ನೂ ಕಷ್ಟವಾದ್ದರಿಂದ ಕುಪ್ಪಸಕ್ಕೆ ದೊಡ್ಡ ಒತ್ತುಗುಂಡಿ ಹೊಲಿಸಲು ಸೂಚಿಸಿದ್ದೇನೆ.