ಬ್ಯಾಡ ಬಿಡ್ರಿ, ಈಗಷ್ಟೇ ಆಯ್ತು

ನೋಡಪ್ಪಾ ತಮ್ಮ, ಮುಂದಿನ ತಿಂಗಳು ಮೆಲ್ಬರ್ನ್‌ಗೆ ಬರ್ತಿದೀನಿ, ಕಾಫಿಪುಡಿ ಎಷ್ಟು ತರ್ಲಿ, ಫಿಲ್ಟರ್ ತರ್ಬೇಕಾ, ಹೊರಗೆ ಕುಡಿದ್ರೆ ಎಷ್ಟು ಬೀಳುತ್ತೆ, ರೂಮು ಓಡಾಟ ಎಲ್ಲ ಹೆಂಗೆ ಅಂತ ಕೇಳಿದೀಯ. ರೂಮು ನಿನ್ನ ಆಫೀಸ್ ಎಲ್ಲಿ ಅನ್ನೋದ್ರ ಮೇಲೆ, ಬಂದ್ಮೇಲೆ ನೋಡೋಣ. ಟ್ರಾಮು ಸಿಟಿ ನಡುವೆ ಪುಕ್ಕಟೆ, ಅದರಾಚೆ ಮೈಕಿ ಅನ್ನೋ ಟಿಕೆಟ್ ಕಾರ್ಡು ಬೇಕು. ಅಷ್ಟೇ. ಕಾಫಿ ಕೇಳಿದ್ಯಲ್ಲ, ಅದನ್ನ ಸ್ವಲ್ಪ ಕೂತು ಹೇಳ್ಬೇಕು.

ಫಿಲ್ಟರ್ ತಗೊಂಡು ಬಾ, ಹಿತ್ತಾಳೆದು ಬ್ಯಾಡ, ಸ್ಟೀಲಿಂದು ಸಾಕು. ಪುಡಿ ಎರಡು ಕೆಜಿ ಸಾಕು, ಜಾಸ್ತಿ ತಂದ್ರೆ ಘಮ ಹೋಗುತ್ತೆ. ಏರ್‌ಪೋರ್ಟ್ ಫಾರಂನಲ್ಲಿ ತಿನ್ನೋ ಸಾಮಾನು ಐತೆ ಅಂತ ಟಿಕ್ ಮಾಡು, ಮುಚ್ಚಿಡಬ್ಯಾಡ, ಇಲ್ಲಿಯವರು ಅದ್ರಲ್ಲಿ ಬಾಳ ಸ್ಟ್ರಿಕ್ಟು. ಹುರಿದ ಪುಡಿಗೆ ತಕರಾರಿಲ್ಲ, ಹುರಿಯದ ಹಸಿ ಬೀಜ, ಅಮ್ಮ ಕಟ್ಟಿಕೊಡೋ ಹಾಲಿನ ಸ್ವೀಟು ಇವೆಲ್ಲ ಬ್ಯಾಡ.

ಪುಡಿ ಖಾಲಿ ಆದ್ಮೇಲೆ ನಾನು ಮಾಡಿದ ತಪ್ಪು ಮಾಡಬ್ಯಾಡ. ಇಲ್ಲಿ ಬೀಜ ಹುರಿದು ಮಾರೋ ಅಂಗಡಿಗೆ ಹೋದೆ, ನಮ್ಮೂರ ಮಂಡಿಪೇಟೇಲಿ ನಿಂತಂಗೆ ಜಂಬದಿಂದ ನಿಂತ್ಕೊಂಡು ಪೀಬೆರಿ ಬೀಜ ಎಷ್ಟು, ಕಾಫಿಗೆ ಬೆರೆಸೋ ಚಿಕೋರಿ ಬೇರಿನ ಪುಡಿ ಎಷ್ಟು ಪರ್ಸೆಂಟ್ ಅಂತ ಕೇಳೋಣ ಅಂದ್ರೆ ಆ ಹುಡುಗಿಗೆ ಚಿಕೋರಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಯಾವುದಕ್ಕೆ ಪುಡಿ ಮಾಡ್ಲಿ ಅಂದ್ಲು, ಫಿಲ್ಟರ್‌ಗೆ ಅಂದೆ. ಇವ್ರ ಭಾಷೇಲಿ ಫಿಲ್ಟರ್ ಅಂದ್ರೆ ಪೇಪರ್ ಫಿಲ್ಟರು, ರವೆ ಥರ ಬೀಸಿ ಕೊಟ್ಲು. ಮನೆಗೆ ಬಂದು ಬಿಸಿನೀರು ಹಾಕಿದ್ರೆ ಅರ್ಧ ನಿಮಿಷದಲ್ಲಿ ಸೊರ್ರ್ ಅಂತ ಪೂರ್ತಿ ಕೆಳಗಿಳೀತು, ಡಿಕಾಕ್ಷನ್ ನೋಡಿದ್ರೆ ಕಾಲು ತೊಳೆದ ನೀರಿನ ಬಣ್ಣ. ಸ್ಟವ್ ಮೇಲೆ ಇಡೋ ಮೋಕಾ ಪಾಟ್‌ಗೆ ಬೀಸೋ ಹದ ಕೇಳು, ನಮ್ಮದಕ್ಕೆ ಅದು ಹತ್ರ. ಚಿಕೋರಿ ಹಾಕಿದ ಪ್ಯಾಕೆಟ್ ಬೇಕಂದ್ರೆ ಡ್ಯಾಂಡೆನಾಂಗ್, ಟಾರ್ನೀಟ್ ಅನ್ನೋ ಏರಿಯಾ ಕಡೆ ಇಂಡಿಯನ್ ಅಂಗಡೀಲಿ ಸಿಗುತ್ತೆ, ಡೇಟು ನೋಡ್ಕೊಂಡು ತಗೋ.

ಹೊರಗಿನ ಕಾಫಿಗೆ ಬೈಯೋ ಹಂಗಿಲ್ಲ. ನಾನು ಬರೋ ಹಿಂದಿನ ವರ್ಷ, 2008ರಲ್ಲಿ, ಸ್ಟಾರ್‌ಬಕ್ಸ್‌ನವರೇ ಈ ದೇಶದಲ್ಲಿದ್ದ 84 ಅಂಗಡೀಲಿ 61 ಬಾಗಿಲು ಹಾಕಿದ್ರು, ಇಲ್ಲಿ ಜನಕ್ಕೆ ಅವರವರ ಬೀದಿ ಕೆಫೆನೇ ಆಗ್ಬೇಕು. ಫ್ಲಾಟ್ ವೈಟ್ ಅನ್ನೋ ಹಾಲು ಕಾಫಿ ತಗೋ, ನಮ್ಮ ಬಾಯಿಗೆ ಅದು ಹೊಂದುತ್ತೆ, ಆದ್ರೆ ಹಾಲು ಕುದಿಸಿರಲ್ಲ, ಎಕ್ಸ್‌ಟ್ರಾ ಹಾಟ್ ಅಂತ ಹೇಳ್ಬೇಕು, ಸಕ್ಕರೆನೂ ನೀನೇ ಕೇಳಿ ಹಾಕಿಸ್ಕೋಬೇಕು. ಐದಾರು ಡಾಲರ್ ಆಗುತ್ತೆ ಈಗ. ಇನ್ನೊಂದು, ಬಹಳಷ್ಟು ಕೆಫೆ ಮಧ್ಯಾಹ್ನ ಮೂರು ನಾಲ್ಕಕ್ಕೇ ಬಂದ್. ನಮ್ಮೂರಲ್ಲಿ ಮಂಡಕ್ಕಿ ಮಿರ್ಚಿ ತಿಂದು ಕಾಫಿಗೆ ಅಂತ ಏಳೋ ಹೊತ್ತಿಗೆ ಇಲ್ಲಿ ಕುರ್ಚಿ ಎಲ್ಲ ಮೇಜಿನ ಮೇಲೆ ಮಗುಚಿಟ್ಟು ನೆಲ ಒರೆಸ್ತಿರ್ತಾರೆ. ಹದಿನೈದು ವರ್ಷದ ಮೇಲಾಯ್ತು, ಸಂಜೆ ಐದಕ್ಕೆ ಈಗ್ಲೂ ಒಂಥರಾ ಆಗುತ್ತೆ ನಂಗೆ.

ಸರಿ, ನೀನು ಕೇಳದೇ ಇರೋದು ಒಂದು ಹೇಳ್ತೀನಿ.

ನಾನು ಬಂದಿದ್ದು 2009ರ ಆಗಸ್ಟು, ಗಡಗಡ ಚಳಿ. ಒಂದು ಕಾಫಿ ಮೂರೂವರೆ ಡಾಲರು, ಆಗ ಡಾಲರ್‌ಗೆ 40 ರೂಪಾಯಿ ಹತ್ರ, ಗುಣಿಸಿ ನೋಡಿ ಎದೆ ಧಸಕ್ ಅಂತು, ಆ ದುಡ್ಡಲ್ಲಿ ನಮ್ಮೂರಲ್ಲಿ ಮನೆಮಂದಿಗೆಲ್ಲ ಬೆಣ್ಣೆದೋಸೆ ಆಗ್ತಿತ್ತು. ಬೆಳಗ್ಗೆ ಮನೇಲೇ ಮಾಡಿ ಫ್ಲಾಸ್ಕಲ್ಲಿ ತಗೊಂಡೋಗ್ತಿದ್ದೆ. ಆಫೀಸಲ್ಲಿ ನನ್ನ ಪಕ್ಕದ ಸೀಟಲ್ಲಿ ವಿಯೆಟ್ನಾಂ ಕಡೆಯ ಒಬ್ರು ಹಿರಿಯರು, ಹತ್ತೂವರೆಗೆ ಎದ್ದು ಜಾಕೆಟ್ ಹಾಕ್ಕೊಂಡು, ಕಾಫಿಗೆ ಬರ್ತೀಯಾ ಅಂತ ಕೇಳೋರು. ನಾನು ನಮ್ಮ ಪದ್ಧತಿ ಪ್ರಕಾರ ಬ್ಯಾಡ ಬ್ಯಾಡ, ಈಗಷ್ಟೇ ಆಯ್ತು ಅಂದೆ. ನಮ್ಮಲ್ಲಿ ಮೊದಲ್ನೇ ಸಲ ಯಾರು ಹೂಂ ಅಂತಾರೆ ಹೇಳು, ಬ್ಯಾಡ ಅನ್ಬೇಕು, ಅವ್ರು ಏ ಬಾರೋ ಸುಮ್ನೆ, ಬೈಟು ಕುಡಿಯೋಣ ಅಂತ ತೋಳು ಹಿಡಿದು ಎಳೀಬೇಕು, ಆಮೇಲೆ ಬಿಲ್ಲಿಗೆ ಜಗಳ ಆಡ್ಬೇಕು. ಈ ಮನುಷ್ಯ ಓಕೆ ಅಂದು ಹೋಗೇಬಿಟ್ರು. ನಾನು ಎದ್ದು ನಿಲ್ಲೋಕೆ ಕುರ್ಚಿ ಹಿಂದಕ್ಕೆ ತಳ್ಳಿದ್ದೆ ಬೇರೆ. ಮೂರ್ನಾಲ್ಕು ದಿನ ಕೇಳಿದ್ರು, ನಾಲ್ಕೂ ಸಲ ಹಂಗೇ ಆಯ್ತು, ಆಮೇಲೆ ಕೇಳೋದು ಬಿಟ್ರು. ನನಗೂ ಬಿಗುಮಾನ, ಎರಡನೇ ಸಲ ಕರೆಯೋಕೂ ಬಾಯಿ ಬರಲ್ವಲ್ಲ ಇವ್ರಿಗೆ ಅಂತ. ಪ್ಯಾಂಟ್ರೀಲಿ ಒಬ್ನೇ ನಿಂತು ಫ್ಲಾಸ್ಕಿಂದ ಕುಡಿಯೋದು, ಟೀಮಲ್ಲಿ ಏನು ನಡೀತಿದೆ ಅನ್ನೋದೆಲ್ಲ ಲೇಟಾಗಿ ಗೊತ್ತಾಗೋದು, ಯಾಕಂದ್ರೆ ಮಾತೆಲ್ಲ ಆ ಹತ್ತೂವರೆ ಕಾಫೀಲೇ.

ಎರಡು ವರ್ಷ ಆದ್ಮೇಲೆ ಅವ್ರು ರಿಟೈರ್ ಆದ್ರು. ಕೊನೇ ದಿನ ಡ್ರಾಯರ್ ಖಾಲಿ ಮಾಡ್ತಾ ಒಂದು ಸಣ್ಣ ಸ್ಟೀಲ್ ಸಾಮಾನು ತೆಗೆದು ಮೇಜಿನ ಮೇಲಿಟ್ರು, ಮೇಲೊಂದು ಮುಚ್ಚಳ, ತಳದಲ್ಲಿ ತೂತು, ಒಳಗೆ ಪುಡಿ ಒತ್ತೋ ಬಿಲ್ಲೆ. ನಮ್ಮ ಫಿಲ್ಟರಿನ ಚಿಕ್ಕ ತಮ್ಮನ ಥರ. ಫಿನ್ ಅಂತಾರಂತೆ, ಲೋಟದ ಮೇಲಿಟ್ಟು ನೀರು ಹಾಕಿದ್ರೆ ತೊಟ್ಟು ತೊಟ್ಟಾಗಿ ಇಳಿಯುತ್ತೆ. ನಮ್ಮನೇಲೂ ಹಿಂಗೇ ಮಾಡ್ತಾರೆ, ರಾತ್ರಿನೇ ಹಾಕಿಡ್ತಾರೆ ಅಂದೆ. ಅವ್ರು ನನ್ನ ಮುಖನೇ ನೋಡಿ, ನೀನು ಕಾಫಿ ಕುಡಿಯಲ್ಲ ಅಂದ್ಕೊಂಡಿದ್ನಲ್ಲಪ್ಪಾ ಅಂದ್ರು. ನಾನು ಏನಂತ ಹೇಳ್ಲಿ, ಫ್ಲಾಸ್ಕು ಬ್ಯಾಗಲ್ಲೇ ಇತ್ತು, ಅವತ್ತೂ ತೆಗೀಲಿಲ್ಲ.

ಅದಕ್ಕೇ ಹೇಳ್ತಿರೋದು, ಯಾರಾದ್ರೂ ಕರೆದ್ರೆ ಮೊದಲ್ನೇ ಸಲಾನೇ ಹೂಂ ಅಂದ್ಬಿಡು, ಈಗಷ್ಟೇ ಕುಡಿದಿದ್ರೂ ಸರಿ. ರೂಪಾಯಿಗೆ ಗುಣಿಸಬ್ಯಾಡ. ಇವತ್ತು ಅವ್ರು ದುಡ್ಡು ಕೊಟ್ರೆ ನಾಳೆ ನೀನು ಕೊಡು, ಇಲ್ಲಿ ಅದಕ್ಕೆ ಶೌಟ್ ಅಂತಾರೆ, ಯಾರೂ ಬಾಯಿಬಿಟ್ಟು ಕೇಳಲ್ಲ, ಆದ್ರೆ ಲೆಕ್ಕ ಇಟ್ಟಿರ್ತಾರೆ.

ಪುಡಿ ಹೊರಡೋಕೆ ಎರಡು ದಿನ ಮುಂಚೆ ಬೀಸಿಸು, ಬಿಸಿ ಪೂರ್ತಿ ಆರಿದ ಮೇಲೆ ಕಟ್ಟಿಸು. ಕಾಫಿ ಎಂಬತ್ತು ಚಿಕೋರಿ ಇಪ್ಪತ್ತು ಅಂತ ಹೇಳಿ ಅರ್ಧ ಕೆಜಿ ನಂಗೂ ತಾ, ಬೇರೆ ಪೊಟ್ಟಣದಲ್ಲಿ. ದುಡ್ಡು ಇಲ್ಲೇ ಕೊಡ್ತೀನಿ, ಬ್ಯಾಡ ಬಿಡಿ ಅಣ್ಣ ಅನ್ನಬ್ಯಾಡ, ಅಂದ್ರೆ ನಾನು ಓಕೆ ಅಂದ್ಬಿಡ್ತೀನಿ.