ಡ್ಯೂಟಿ ನಂಬಿ ಕಬ್ಬಿಣ ತುಂಬಿಡಬೇಡಿ, ನಾನು ತುಂಬಿಟ್ಟು ನೋಡಿದ್ದೇನೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡ್ಕೋಬೇಡಿ. ವಿದೇಶಿ ಮಾಲಿನಿಂದ ನಮ್ಮ ಉಕ್ಕಿನ ಕಾರ್ಖಾನೆಗಳು ಸಾಯುತ್ತಿವೆ, ಭದ್ರಾವತಿಯೇ ಸಾಕ್ಷಿ, ಸರ್ಕಾರ ಡ್ಯೂಟಿ, ಅಂದರೆ ಆಮದು ಸುಂಕ, ಹಾಕಿ ಕಾಪಾಡಲೇಬೇಕು, ಕಾಪಾಡಿದರೆ ರೇಟ್ ಏರುತ್ತದೆ, ಹಾಗಾಗಿ ಕಾರವಾರದಲ್ಲಿ ಹಾಕುವ ಹೊಸ ಅಂಗಡಿಗೆ ಈಗಲೇ 30 ಟನ್ ಕಂಬಿ ತಂದಿಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. 2022ರ ಏಪ್ರಿಲ್‌ನಲ್ಲಿ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ನನ್ನದು ಕಂಬಿ ಬದಲು ಪೈಪು, ಅಷ್ಟೇ ವ್ಯತ್ಯಾಸ.

ಅಂಕೋಲಾದಲ್ಲಿ ಹೆದ್ದಾರಿ ಪಕ್ಕ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. 2007ರಲ್ಲಿ ಶುರು ಮಾಡಿದ್ದು, ಅದಿರು ಲಾರಿಗಳ ಕಾಲದಲ್ಲಿ. ಹೊಸಪೇಟೆ, ಸಂಡೂರು ಕಡೆಯಿಂದ ಅರಬೈಲ್ ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಹೋಗುವ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದರ ಬಾಡಿ ಬಿರುಕು ಬಿಟ್ಟಿರುತ್ತಿತ್ತು, ಇನ್ನೊಂದರ ಹಿಂಬಾಗಿಲ ಕೊಂಡಿ ಕಿತ್ತಿರುತ್ತಿತ್ತು. ಊಟಕ್ಕೂ ಬಿಡುವಿರಲಿಲ್ಲ. ಮನೆ ಮುಂದಿನ ತುಳಸಿಕಟ್ಟೆಯೂ ಕೆಂಪು, ಒಣ ಹಾಕಿದ ಬಟ್ಟೆಯೂ ಕೆಂಪು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಸ್ವಲ್ಪ ದಿನದಲ್ಲೇ ಅದೇ ರಸ್ತೆ ನಡುವೆ ನಾಯಿ ಆರಾಮಾಗಿ ಮಲಗಿದ್ದನ್ನು ನಾನೇ ನೋಡಿದ್ದೇನೆ. ಸರ್ಕಾರದ ಒಂದು ಕಾಗದಕ್ಕೆ ಎಷ್ಟು ತೂಕ ಅಂತ ಅವತ್ತೇ ಗೊತ್ತಾಗಬೇಕಿತ್ತು. ಆಗಲಿಲ್ಲ.

ಆಮೇಲೆ ಮಾಡಿನ ಕೆಲಸಕ್ಕೆ ಹೊರಳಿದೆ. ಕರಾವಳಿಯಲ್ಲಿ ಹೆಂಚು ತೆಗೆದು ಶೀಟ್ ಹೊದಿಸುವ ಕಾಲ ಬಂದಿತ್ತು. ಶಿರಸಿ, ಯಲ್ಲಾಪುರ ಕಡೆ ಅಡಿಕೆ ಒಣಗಿಸುವ ಅಂಗಳಕ್ಕೂ ಪೈಪಿನ ಟ್ರಸ್ ಕಟ್ಟಿ ಪಾರದರ್ಶಕ ಶೀಟ್ ಹಾಕಿಸಿಕೊಳ್ಳಲು ಶುರು ಮಾಡಿದರು. ಒಳ್ಳೆ ಕೆಲಸ. ನಾಲ್ಕೈದು ಟನ್ ಪೈಪ್ ಇಟ್ಟುಕೊಂಡು ಆರಾಮಾಗಿದ್ದೆ.

ನನ್ನನ್ನು ಕೆಡಿಸಿದ್ದು 2016. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 173 ಬಗೆಯ ಉಕ್ಕಿನ ಸಾಮಾನಿಗೆ ಕನಿಷ್ಠ ಆಮದು ಬೆಲೆ ಅಂತ ತಂದಿತು. ಅದಕ್ಕಿಂತ ಅಗ್ಗದ ಮಾಲು ದೇಶದೊಳಗೆ ಬರುವ ಹಾಗಿಲ್ಲ. ರೇಟ್ ಏರಿತು. ಒಂದು ವಾರ ಮೊದಲು ಯಾವುದೋ ಕಲ್ಯಾಣ ಮಂಟಪದ ಕೆಲಸಕ್ಕೆಂದು ನಾನು ಒಂದು ಲೋಡ್ ತರಿಸಿದ್ದೆ, ಆ ಕೆಲಸ ಮುಂದಕ್ಕೆ ಹೋಗಿ ಮಾಲು ಉಳಿದಿತ್ತು. ಕೂತಲ್ಲೇ ಲಾಭ! ಅದು ಅದೃಷ್ಟ ಅಂತ ಸುಮ್ನೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಅದನ್ನು ನನ್ನ ಬುದ್ಧಿ ಅಂದುಕೊಂಡೆ. ಪೇಪರಿನಲ್ಲಿ ಉಕ್ಕಿನ ಸುದ್ದಿ ಹುಡುಕಿ ಓದುವ ಚಟ ಹಿಡಿಯಿತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತಲ್ಲ, ರೇಟ್ ಕುದುರೆ ಏರಿತು. ಹುಬ್ಬಳ್ಳಿಯ ದಲಾಲಿ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ, "ಅಣ್ಣಾ, ಸೋಮವಾರ ಮತ್ತೆ ಮೂರು ರೂಪಾಯಿ ಜಾಸ್ತಿ, ಇವತ್ತೇ ಹಾಕಿಸಿ." ಏಪ್ರಿಲ್ ಕೊನೆಗೆ ಸೊಸೈಟಿಯಲ್ಲಿ ಶೇಕಡಾ 11ಕ್ಕೆ ಸಾಲ ಎತ್ತಿ ಕಿಲೋಗೆ 84ರಂತೆ 22 ಟನ್ ಪೈಪ್ ಇಳಿಸಿಕೊಂಡೆ. ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸಗಳಿಗೆ ಐದು ಟನ್ ಸಾಕಿತ್ತು. ಹೆಂಡತಿ ಲೆಕ್ಕದ ಪುಸ್ತಕ ನೋಡಿ, "ಉಳಿದ ಹದಿನೇಳು ಟನ್ ಮಳೆಗಾಲದಲ್ಲಿ ಯಾರ ಮನೆಗೆ ಹೊದಿಸ್ತೀರಿ?" ಅಂದಳು. ನಿನಗೆ ಮಾರ್ಕೆಟ್ ತಿಳಿಯೋದಿಲ್ಲ ಅಂದೆ. ಈಗಲೂ ಜಗಳವಾದರೆ ಆ ಮಾತು ವಾಪಸ್ ಬರುತ್ತದೆ.

ಮೇ 21, ಶನಿವಾರ ಸಂಜೆ. ಟೀವಿಯಲ್ಲಿ ಪೆಟ್ರೋಲ್ ಸುಂಕ 8 ರೂಪಾಯಿ, ಡೀಸೆಲ್ ಸುಂಕ 6 ರೂಪಾಯಿ ಇಳಿಕೆ ಅಂತ ದೊಡ್ಡ ಸುದ್ದಿ. ನಾನು ಖುಷಿಯಲ್ಲಿ ಒಂದು ಹಳೆ ಬಿಲ್ಲಿನ ಹಿಂದೆ ನಮ್ಮ ಪಿಕಪ್ ಗಾಡಿಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಾ ಕೂತೆ. ಅದೇ ಘೋಷಣೆಯಲ್ಲಿ ಇನ್ನೊಂದು ಸಾಲಿತ್ತು: ಹೊರದೇಶಕ್ಕೆ ಹೋಗುವ ಉಕ್ಕಿನ ಮೇಲೆ ಶೇಕಡಾ 15 ರಫ್ತು ಸುಂಕ. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಸೋಮವಾರ ದಲಾಲಿ ಫೋನ್ ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ. ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವ, ಮಾರಾಯ್ರೆ!

ಹೊರಗೆ ಹೋಗಬೇಕಿದ್ದ ಮಾಲು ಒಳಗೇ ಉಳಿಯಿತು, ರೇಟ್ ಜಾರಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ತಾಡಪತ್ರಿ ಹೊದಿಸಿ ಸುತ್ತ ಕಲ್ಲಿಟ್ಟಿದ್ದೆ. ಆದರೆ ನಮ್ಮಲ್ಲಿ ಮಳೆ ಮೇಲಿಂದ ಮಾತ್ರ ಬರುವುದಿಲ್ಲ, ಸಮುದ್ರದ ಗಾಳಿ ಅಡ್ಡಡ್ಡ ಹೊಡೆಯುತ್ತದೆ. ಆಷಾಢದಲ್ಲಿ ಒಂದು ದಿನ ನೋಡಿದರೆ ಪೈಪುಗಳ ಬಾಯಿಂದ ಕಿತ್ತಳೆ ಬಣ್ಣದ ನೀರು ಇಳಿದು ಸಿಮೆಂಟ್ ನೆಲದ ಮೇಲೆ ಗೆರೆ ಗೆರೆ. ಬೆರಳಲ್ಲಿ ಉಜ್ಜಿದರೆ ಕುಂಕುಮದ ಹಾಗೆ ಬರುತ್ತಿತ್ತು. ಅಷ್ಟರಲ್ಲಿ ಶಿರಸಿಯ ಹೆಗಡೆಯವರೊಬ್ಬರು, ಅಂಗಳದ ಕೆಲಸಕ್ಕೆ ಮುಂಗಡ ಕೊಟ್ಟವರು, ಫೋನ್ ಮಾಡಿ "ಕಬ್ಬಿಣ ಇಳಿದಿದೆಯಂತಲ್ಲ, ನೀವಿನ್ನೂ ಹಳೇ ರೇಟೇ ಹಿಡ್ಕೊಂಡಿದ್ದೀರಲ್ಲ?" ಅಂದರು. ಅವರದ್ದೇನು ತಪ್ಪು? ಏರುವಾಗ ನಾನೂ ಏರಿಸಿದ್ದೆ.

ಸೊಸೈಟಿ ಕಂತು ಕಟ್ಟಬೇಕಾಗಿ ದೀಪಾವಳಿ ಹೊತ್ತಿಗೆ 64ರ ಹಾಗೆ ಹೆಚ್ಚುಕಮ್ಮಿ ಎಲ್ಲ ಖಾಲಿ ಮಾಡಿದೆ. ಹದಿನೇಳು ಟನ್ನಿಗೆ 3 ಲಕ್ಷ 40 ಸಾವಿರ ಹೋಯಿತು, ಆರು ತಿಂಗಳ ಬಡ್ಡಿ ಮುಕ್ಕಾಲು ಲಕ್ಷದ ಮೇಲೆ. ಆಮೇಲೆ ತಿಂಗಳೂ ಆಗಿರಲಿಲ್ಲ, ನವೆಂಬರ್‌ನಲ್ಲಿ ಆ ರಫ್ತು ಸುಂಕವನ್ನೇ ತೆಗೆದರು.

ಈಗ ನನ್ನ ತಪ್ಪು ಎಲ್ಲಿ ಅಂತ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ "ಸಾಲ ಮಾಡಿ ಸ್ಟಾಕ್ ಮಾಡಬಾರದಿತ್ತು" ಅಂತ ಮುಗಿಸುತ್ತಾರೆ. ಅದಲ್ಲ. ಸಾಲ ಮಾಡದೆ ಯಾವ ಅಂಗಡಿ ನಡೆಯುತ್ತದೆ? ನಾನು ಮಾಡಿದ ತಪ್ಪು, ಸರ್ಕಾರ ಉಕ್ಕಿನವರ ಕಡೆ ಇದೆ ಅಂದುಕೊಂಡಿದ್ದು. 2016ರಲ್ಲಿ ರೇಟ್ ನೆಲ ಕಚ್ಚಿತ್ತು, ಕಾರ್ಖಾನೆಯವರು ಅಳುತ್ತಿದ್ದರು, ಸರ್ಕಾರ ಒಳಬರುವ ಬಾಗಿಲು ಹಾಕಿತು. 2022ರಲ್ಲಿ ರೇಟ್ ಮುಗಿಲು ಮುಟ್ಟಿತ್ತು, ಮನೆ ಕಟ್ಟುವವರು ಅಳುತ್ತಿದ್ದರು, ಸರ್ಕಾರ ಹೊರಹೋಗುವ ಬಾಗಿಲು ಹಾಕಿತು. ನಾನು ಒಂದೇ ಬಾಗಿಲು ನೋಡುತ್ತಾ ಕೂತಿದ್ದೆ. ಇನ್ನೂ ಬಿಡಿಸಿ ಹೇಳಬೇಕೆಂದರೆ, ರೇಟ್ ಏರುತ್ತಾ ಹೋದ ಹಾಗೆ ಸರ್ಕಾರ ಅದನ್ನು ಇಳಿಸುವ ದಿನ ಹತ್ತಿರ ಬರುತ್ತಿರುತ್ತದೆ. ನಾನು ಏರಿದ ರೇಟನ್ನೇ ನೋಡಿ ಇನ್ನೂ ಏರುತ್ತದೆ ಅಂತ ನಂಬಿದೆ. ಕಂಬಿ ಅಂಗಡಿಯಾದರೂ ಇದೇ ಕಥೆ, ಆ 15ರ ಸುಂಕ ಕಂಬಿಗೂ ಬಿದ್ದಿತ್ತು.

ನಿಮ್ಮ ಲೆಕ್ಕದಲ್ಲಿ ಇನ್ನೂ ಒಂದು ತೂತಿದೆ. 2025ರ ಏಪ್ರಿಲ್‌ನಲ್ಲಿ ಬಂದ ಆಮದು ಉಕ್ಕಿನ ಮೇಲಿನ ಶೇಕಡಾ 12 ರಕ್ಷಣಾ ಸುಂಕದ ಸುದ್ದಿ ಹಿಡಿದುಕೊಂಡು ಕಂಬಿ ತುಂಬಿಡುತ್ತೇನೆ ಅನ್ನುತ್ತೀರಿ. ಮೊದಲಿಗೆ 200 ದಿನಕ್ಕೆ ಅಂತ ಹಾಕಿದ ಆ ಸುಂಕ ಚಪ್ಪಟೆ ಮಾಲಿನ ಮೇಲೆ: ಕಾಯಿಲ್, ಶೀಟು, ಪ್ಲೇಟು. ನೀವು ತರಬೇಕೆಂದಿರುವ ಕಂಬಿ, ಮನೆ ಕಟ್ಟುವ ಟಿಎಂಟಿ ಕಂಬಿ, ಅದರಲ್ಲಿ ಇಲ್ಲವೇ ಇಲ್ಲ. ಪಕ್ಕದ ಮನೆಯ ಮದುವೆಗೆ ನಾವು ಚಪ್ಪರ ಹಾಕಿದ ಹಾಗಾಯ್ತು.

ಉಕ್ಕು ಸಾಯುತ್ತಿದೆ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 2014-15ರಲ್ಲಿ ದೇಶ ಸುಮಾರು 9 ಕೋಟಿ ಟನ್ ಕಚ್ಚಾ ಉಕ್ಕು ಮಾಡುತ್ತಿತ್ತು, 2024-25ರಲ್ಲಿ 15 ಕೋಟಿ ಟನ್ ದಾಟಿದೆ. ಚೀನಾ ಬಿಟ್ಟರೆ ನಾವೇ. ಸಾಯುವುದು ಅಂದರೆ ಬ್ರಿಟನ್ ನೋಡಿ. ಪೋರ್ಟ್ ಟಾಲ್ಬಟ್‌ನ ಕೊನೆಯ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) 2024ರ ಸೆಪ್ಟೆಂಬರ್‌ನಲ್ಲಿ ಆರಿತು, ಮರುವರ್ಷ ಸ್ಕಂತಾರ್ಪ್‌ನದ್ದೂ ಆರಬಾರದು ಅಂತ ಪಾರ್ಲಿಮೆಂಟ್ ಶನಿವಾರ ಸೇರಿ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಹಾಗಿಲ್ಲ. ನಮ್ಮಲ್ಲಿ ದೊಡ್ಡವರು ಬೆಳೆಯುತ್ತಿದ್ದಾರೆ, ಹಳಬರು ಸೊರಗುತ್ತಿದ್ದಾರೆ.

ಭದ್ರಾವತಿ ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. 1923ರಲ್ಲಿ ಕಟ್ಟಿಗೆಯ ಇದ್ದಿಲಿನಿಂದ ಕುಲುಮೆ ಹೊತ್ತಿಸಿದ ಊರು, ವಿಶ್ವೇಶ್ವರಯ್ಯನವರು ನಿಂತು ನಡೆಸಿದ ಕಾರ್ಖಾನೆ. 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್ (SAIL) ಜೊತೆ ಸೇರಿಸಿದರು, 2023ರ ಜನವರಿಯಲ್ಲಿ ಮುಚ್ಚುತ್ತೇವೆ ಅಂದರು. ಆದರೆ ಅದಕ್ಕೆ ಹೊಡೆತ ಕೊಟ್ಟಿದ್ದು ಚೀನಾ ಮಾತ್ರ ಅಲ್ಲ. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಅದಕ್ಕೆ ಸ್ವಂತ ಗಣಿ ಇರಲಿಲ್ಲ, ಯಂತ್ರ ಹಳತು, ಹೊಸ ಬಂಡವಾಳ ಬರಲಿಲ್ಲ. ಗಣಿ ಇಲ್ಲದ ಕಾರ್ಖಾನೆಗೆ ಡ್ಯೂಟಿ ಹಾಕಿ ಏನು ಪ್ರಯೋಜನ? ಅದಕ್ಕೆ ಬೇಕಿದ್ದದ್ದು ಅದಿರು. ಆ ಅದಿರು ನನ್ನ ಶೆಡ್ ಮುಂದೆಯೇ ಲಾರಿಯಲ್ಲಿ ಹೋಗಿ ಹಡಗು ಹತ್ತುತ್ತಿತ್ತು, ನಾನೇ ಆ ಲಾರಿಗಳಿಗೆ ವೆಲ್ಡಿಂಗ್ ಹೊಡೆದು ಕಳಿಸುತ್ತಿದ್ದೆ. ಇದು ಬೇರೆ ಕಥೆ ಬಿಡಿ.

ಹಾಗಾದರೆ ಸರ್ಕಾರ ಕಾಪಾಡಲೇಬಾರದಾ? ಚೀನಾ ವರ್ಷಕ್ಕೆ ಸುಮಾರು 100 ಕೋಟಿ ಟನ್ ಮಾಡುತ್ತದೆ, 2024ರಲ್ಲಿ 11 ಕೋಟಿ ಟನ್ ಹೊರಗೆ ಕಳಿಸಿತು. ಅದು ಒಂದೇ ಸಲ ಇತ್ತ ತಿರುಗಿದರೆ ತಡೆಯೊಡ್ಡಲೇಬೇಕು, ಇಷ್ಟು ವರ್ಷ ಅಂತ ಮೊದಲೇ ಹೇಳಿ ತಡೆಯಬೇಕು. ಒಂದು ಶನಿವಾರ ಹಾಕಿ ಆರು ತಿಂಗಳಿಗೆ ತೆಗೆಯುವ ಆಟ ಬೇಡ. ಆ ಆಟದಲ್ಲಿ ದೊಡ್ಡ ಕಾರ್ಖಾನೆ ಕೆಮ್ಮಿ ಸುಮ್ಮನಾಗುತ್ತದೆ, ನಮ್ಮಂಥ ಶೆಡ್ಡಿನವರು ಮಲಗಿಬಿಡುತ್ತೇವೆ. ಉಕ್ಕು ಮಾಡುವವರು ಬೆರಳೆಣಿಕೆ, ಉಕ್ಕು ಕೊಳ್ಳುವವರು ಊರ ತುಂಬ. ಇನ್ನು ದೇಶೀ ಉಕ್ಕು ಅನ್ನುವುದಾದರೂ ಎಷ್ಟು ದೇಶೀ? ಗೋವಾದ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಘಾಟಿ ಹತ್ತುವ ಗೂಡ್ಸ್ ರೈಲು ಒಂದು ದಿನ ನಿಂತು ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಹೋಗುವ ಆ ಕಲ್ಲಿದ್ದಲು ಹೊರದೇಶದ್ದು.

ನಾನಾಗಿದ್ದರೆ 30 ಟನ್ ಅಲ್ಲ, ಒಂದು ತಿಂಗಳು ಮಾರುವಷ್ಟು, ಆರು ಟನ್ ತರುತ್ತಿದ್ದೆ, ಅದೂ ದೀಪಾವಳಿ ಕಳೆದ ಮೇಲೆ. ಉದ್ರಿ ಕೊಡುತ್ತಿರಲಿಲ್ಲ. ನನ್ನ ಕೊಟೇಶನ್ ಕೆಳಗೆ ಈಗ "ಈ ದರ ಏಳು ದಿನ ಮಾತ್ರ" ಅಂತ ಕೆಂಪು ಅಕ್ಷರದಲ್ಲಿ ಇರುತ್ತದೆ, ನೀವೂ ಹಾಕಿಸಿ. ಆ 22 ಟನ್ನಿನಲ್ಲಿ ಯಾರೂ ಕೊಳ್ಳದ ಹನ್ನೊಂದು ಪೈಪ್ ಹಿತ್ತಲಲ್ಲಿವೆ, ಹೆಂಡತಿ ಹೀರೆಬಳ್ಳಿ ಹಬ್ಬಿಸಿದ್ದಾಳೆ. ಕೆಳಗಿನ ಅರ್ಧ ಮೊಳ ತುಕ್ಕು ತಿಂದು ಮುಗಿಸಿದೆ.

ಅಂದ ಹಾಗೆ, ಅಂಗಡಿ ಕಾರವಾರದಲ್ಲಿ ಎಲ್ಲಿ ಹಾಕುತ್ತಿದ್ದೀರಿ? ಸಮುದ್ರಕ್ಕೆ ಎಷ್ಟು ದೂರ, ಗೋಡೌನಿನ ಪಶ್ಚಿಮದ ಗೋಡೆ ಪೂರ್ತಿ ಇದೆಯೋ ಅರ್ಧವೋ ಬರೆಯಿರಿ. ಡ್ಯೂಟಿಗಿಂತ ಮೊದಲು ಅದನ್ನು ನೋಡೋಣ.