ಮಾರ್ಚ್ ಕೊನೆಯಲ್ಲಿ ಮೂರು-ನಾಲ್ಕನೇ ತರಗತಿ ಮಕ್ಕಳಿಗೆ ಬರವಣಿಗೆ ಹೇಗೆ ಕಲಿಸುವುದು?

ಪಾಠ ಮುಗಿದಿರುತ್ತದೆ, ಮಕ್ಕಳ ಮನಸ್ಸು ರಜೆಯ ಕಡೆ. ಈಗ ಪ್ರಬಂಧ ಬೇಡ. ದಿನಕ್ಕೆ 15 ನಿಮಿಷ, ಆರೇ ವಾಕ್ಯ ಸಾಕು. ಶಿರಸಿ ಕಡೆಯಾದರೆ ವಿಷಯ ಅಂಗಳದಲ್ಲೇ ಇದೆ: ಹಲಸಿನ ಹಪ್ಪಳ. ಮೊದಲು ಬಾಯಲ್ಲಿ ಹೇಳಿಸಿ. ಸೊಳೆ ಬಿಡಿಸಿದರು, ಬೇಯಿಸಿದರು, ರುಬ್ಬಿದರು, ಒತ್ತಿದರು, ಒಣಗಿಸಿದರು. ಈ ಕ್ರಿಯಾಪದಗಳಷ್ಟೇ ಬೋರ್ಡಿನ ಮೇಲಿರಲಿ, ವಾಕ್ಯ ಮಕ್ಕಳೇ ಕಟ್ಟಲಿ. ಕಾರವಾರದಲ್ಲಿ ಮನೆಮಾತು ಕೊಂಕಣಿಯಾದ ಮಗು ಮೊದಲು ಕೊಂಕಣಿಯಲ್ಲೇ ಹೇಳಲಿ; ಆಗ ವಿಷಯ ಹೊಳೆಯದೆ ಪೆನ್ಸಿಲ್ ಕಚ್ಚುತ್ತ ಕೂರುವುದಿಲ್ಲ.

ಹೆಚ್ಚು ಎಡವುವುದು ಒತ್ತಕ್ಷರದಲ್ಲಿ: ‘ಹಪ್ಪಳ’ ‘ಹಪಳ’ವಾಗುತ್ತದೆ. ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆದರೆ ಮರುದಿನ ಎರಡೇ ವಾಕ್ಯ ಬರುತ್ತದೆ. ಹಾಗಾಗಿ ದಿನಕ್ಕೊಂದೇ ಬಗೆಯ ತಪ್ಪು ತಿದ್ದಿ. ಅದಕ್ಕೂ ಮೊದಲು ಬರೆದದ್ದನ್ನು ಮಗುವೇ ಗಟ್ಟಿಯಾಗಿ ಓದಲಿ. ಬಿಟ್ಟುಹೋದ ಒತ್ತು ಕಿವಿಗೆ ಸಿಗುತ್ತದೆ.